ಫುಂಗ್ ಅಕ್ಕನ ಅಳತೆ

ಕ್ವಾಂಗ್ ವೈಲಾಮ್ ತನ್ನ ಉಡುಪು ವಿನ್ಯಾಸದ ಸ್ಟುಡಿಯೋಗೆ ‘ಸಾವಧಾನ’ ಎಂದು ಹೆಸರಿಟ್ಟು ಹದಿನಾಲ್ಕು ವರ್ಷಗಳಾಗಿದ್ದವು. ಈ ಅವಧಿಯಲ್ಲಿ ಅಲ್ಲಿ ಸಾವಧಾನವಾಗಿ ನಡೆದದ್ದು ಲಿಫ್ಟ್ ಒಂದೇ. ಗ್ವಾಂಗ್‌ಜೌ ನಗರದಲ್ಲಿ ನದಿಯ ದಕ್ಷಿಣಕ್ಕೆ, ಬಟ್ಟೆಯ ಸಗಟು ಮಾರುಕಟ್ಟೆಯಿಂದ ಎರಡು ಗಲ್ಲಿ ಆಚೆ, ಹಿಂದೊಮ್ಮೆ ಛತ್ರಿ ಕಾರ್ಖಾನೆಯಾಗಿದ್ದ ಕಟ್ಟಡದ ಮೂರನೆಯ ಮಹಡಿ ಅದು. ಕೆಳಗೆ ಬಟ್ಟೆಯ ಥಾನುಗಳನ್ನು ಹೇರಿಕೊಂಡ ಮೂರು ಗಾಲಿಯ ಗಾಡಿಗಳು ಬೆಳಗಿನಿಂದ ಸಂಜೆಯವರೆಗೆ ಒಂದನ್ನೊಂದು ಗದರಿಸಿಕೊಳ್ಳುತ್ತ ಓಡಾಡುತ್ತಿದ್ದವು. ಮೇಲೆ ಆರು ಹೊಲಿಗೆ ಯಂತ್ರ, ಕತ್ತರಿಸುವ ಒಂದು ಉದ್ದನೆಯ ಮೇಜು, ಮತ್ತು ನಲವತ್ತೆಂಟು ವರ್ಷದ ವೈಲಾಮ್.

ಸ್ವಂತ ಸ್ಟುಡಿಯೋ ತೆರೆಯುವ ಮೊದಲು ಅವಳು ಶಾಲಾ ಸಮವಸ್ತ್ರದ ಕಂಪನಿಯೊಂದರಲ್ಲಿ ದುಡಿದಿದ್ದಳು. ನೀಲಿ ಪಟ್ಟಿ ಭುಜದ ಮೇಲಿರಬೇಕೋ ತೋಳಿನ ಮೇಲಿರಬೇಕೋ ಎಂಬ ಒಂದೇ ಪ್ರಶ್ನೆಗೆ ಯೌವನದ ಹನ್ನೊಂದು ವರ್ಷಗಳನ್ನು ಕೊಟ್ಟು, ಕೊನೆಗೂ ಉತ್ತರ ಸಿಗದೆ ರಾಜೀನಾಮೆ ಕೊಟ್ಟವಳು. ಆಮೇಲೆ ಅವಳು ವಿನ್ಯಾಸ ಮಾಡಿದ್ದು ನಲವತ್ತೈದು ದಾಟಿದ ಹೆಂಗಸರಿಗಾಗಿ: ಉಪಾಧ್ಯಾಯಿನಿಯರು, ದಾದಿಯರು, ಬ್ಯಾಂಕಿನ ಕೌಂಟರಿನವರು. ಸುತ್ತಲಿನ ಎಂಟು ಊರುಗಳ ಎಂಟು ಸಣ್ಣ ಅಂಗಡಿಗಳ ಒಡತಿಯರು ವರ್ಷಕ್ಕೆರಡು ಸಲ ಬಂದು ಸ್ಯಾಂಪಲ್ ನೋಡಿ ಆರ್ಡರ್ ಬರೆಸಿ ಹೋಗುತ್ತಿದ್ದರು. ಇವಳ ಅಂಗಿ ತೊಟ್ಟರೆ ಉಸಿರಾಡಬಹುದು ಎಂದು ಅವರೆಲ್ಲ ಹೇಳುತ್ತಿದ್ದರು. ಅದಕ್ಕೆ ಕಾರಣ ತನ್ನ ರೇಖೆ ಎಂದು ವೈಲಾಮ್ ನಂಬಿದ್ದಳು. ‘ರೇಖೆಯೇ ನನ್ನ ಮಾತು’ ಎಂದು ಸ್ಥಳೀಯ ಪತ್ರಿಕೆಗೆ ಒಮ್ಮೆ ಹೇಳಿದ್ದನ್ನು ಚೌಕಟ್ಟು ಹಾಕಿಸಿ, ಟೀ ಕುಡಿಯುವ ಮೂಲೆಯಲ್ಲಿ, ಕೂತವರ ಕಣ್ಣಿಗೆ ಬೀಳುವ ಎತ್ತರದಲ್ಲಿ ತೂಗುಹಾಕಿದ್ದಳು.

ಸ್ಯಾಂಪಲ್ ತೊಟ್ಟು ನಿಲ್ಲುತ್ತಿದ್ದವಳು ಫುಂಗ್ ಸಾವ್‌ಹಿಂಗ್. ಎಲ್ಲರ ಬಾಯಲ್ಲಿ ಫುಂಗ್ ಅಕ್ಕ. ಕಾಜ ಹಾಕುವುದು, ಗುಂಡಿ ಹೊಲಿಯುವುದು, ಇಸ್ತ್ರಿ ಇವು ಅವಳ ಕೆಲಸ. ಮೊದಲ ವರ್ಷ ರೂಪದರ್ಶಿಯೊಬ್ಬಳನ್ನು ಕರೆಸಿದಾಗ ಆ ಹುಡುಗಿ ಗಂಟೆಗಿಷ್ಟೆಂದು ಹೇಳಿ, ಮೊದಲ ಗಂಟೆ ಪೂರ್ತಿ ಫೋನಿನಲ್ಲೇ ಇದ್ದಳು. ಫುಂಗ್ ಅಕ್ಕ ಬಾಯಲ್ಲಿದ್ದ ದಾರವನ್ನು ಕಡಿದು, “ಇತ್ಲಾಗೆ ಕೊಡು, ನಾನೇ ನಿಂತ್ಕೋತೀನಿ. ಮುಗೀಲಿ ಒಂದ್ಸಲ,” ಎಂದು ಎದ್ದು ನಿಂತಳು. ಅಂದಿನಿಂದ ಅವಳೇ. ಕಟಿಂಗ್ ಮಾಸ್ಟರ್ ಔ ಅವರು ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯನ್ನು ದಪ್ಪ ರಟ್ಟಿನ ಮೂಲ ಪ್ಯಾಟರ್ನಿಗೆ ಇಳಿಸುತ್ತಿದ್ದರು. ಬೆನ್ನು, ಎದೆ, ತೋಳು, ಕಾಲರ್ ಎಲ್ಲವೂ ಕಂದು ರಟ್ಟಿನಲ್ಲಿ, ಗೋಡೆಯ ಕೊಕ್ಕೆಗಳಲ್ಲಿ. ಹೊಸ ವಿನ್ಯಾಸ ಯಾವುದೇ ಇರಲಿ, ಅದು ಹುಟ್ಟುತ್ತಿದ್ದದ್ದು ಆ ರಟ್ಟುಗಳಿಂದಲೇ. ಅಂಕಿಗಳನ್ನು ಮಾಸ್ಟರ್ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಟ್ಟದ್ದನ್ನು ಯಾರಾದರೂ ಕದಿಯುತ್ತಾರೆ ಎಂಬುದು ಆ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಕಳೆದ ಅವರ ಅನುಭವ.

ಚೀನೀ ಪಂಚಾಂಗದ ಹನ್ನೆರಡನೆಯ ತಿಂಗಳ ಇಪ್ಪತ್ತಕ್ಕೆ ಫುಂಗ್ ಅಕ್ಕ ಸೊಸೆಯ ಬಾಣಂತನಕ್ಕೆಂದು ಪಕ್ಕದ ಊರು ಶುಂದಾಕ್‌ಗೆ ಹೊರಟಳು. ಇಪ್ಪತ್ತಾರಕ್ಕೆ ಮೊಮ್ಮಗ ಹುಟ್ಟಿದ. ಇಪ್ಪತ್ತೆಂಟಕ್ಕೆ, ಹೊಸ ವರ್ಷದ ಮುನ್ನ ಕೊಳೆ ತೊಳೆಯಲೇಬೇಕಾದ ದಿನ, ವೈಲಾಮಳ ತಾಯಿ ಪೊರಕೆ ಹಿಡಿದು ಸ್ಟುಡಿಯೋಗೆ ಬಂದರು. ಮಗಳು ಕುಡಿಯುವುದನ್ನೂ ಉಣ್ಣುವುದನ್ನೂ ಮರೆಯುವ ಜಾತಿ. ಗುಡಿಸುವುದನ್ನು ನೆನಪಿಟ್ಟುಕೊಂಡಾಳೆ ಎಂಬ ಭರವಸೆ ಎಪ್ಪತ್ತನಾಲ್ಕು ವರ್ಷದ ಆ ತಾಯಿಗೆ ಇರಲಿಲ್ಲ.

ಆ ಸಲ ಫೆಬ್ರವರಿಯ ನಡುವೆ ಬಂದ ಹೊಸ ವರ್ಷದ ಎಂಟನೆಯ ದಿನ, ಪಂಚಾಂಗದಲ್ಲಿ ನೋಡಿದ ಗಳಿಗೆಯಲ್ಲಿ, ಸ್ಟುಡಿಯೋ ಬಾಗಿಲು ತೆರೆಯಿತು. ಪಟಾಕಿ ಹೊಡೆಯುವಂತಿಲ್ಲವಾದ್ದರಿಂದ ಮೊಬೈಲಿನಲ್ಲಿ ಪಟಾಕಿಯ ಸದ್ದು ಹಾಕಿದರು. ವೈಲಾಮ್ ಎಲ್ಲರಿಗೂ ದುಡ್ಡಿನ ಕೆಂಪು ಲಕೋಟೆ ಹಂಚಿದಳು. ತಾಯಿ ಮೂಲೆಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ಔ ಮಾಸ್ಟರ್ ವರ್ಷದ ಮೊದಲ ಕತ್ತರಿ ಹಾಕಲೆಂದು ಗೋಡೆಯತ್ತ ಕೈ ಚಾಚಿ, ಚಾಚಿದ ಕೈಯನ್ನು ಹಾಗೆಯೇ ಬಿಟ್ಟು ನಿಂತರು.

“ಅಮ್ಮಾವ್ರೇ, ಇಲ್ಲಿ ರಟ್ಟು ನೇತಾಡ್ತಿತ್ತಲ್ಲ?”

“ಆ ಹಳೇ ರಟ್ಟಾ? ಗುಡಿಸಿದ ದಿನಾನೇ ಗುಜರಿಯವನಿಗೆ ಹಾಕಿದೆ. ಮೈತುಂಬ ತೂತು, ಅಂಚಿಗೆಲ್ಲ ಕಚ್ಚು, ಮೇಲೆಲ್ಲ ಗೀಚು. ಇಲಿ ತಿಂದಿತ್ತು ಅಂತ ಕಾಣುತ್ತೆ.”

ತೂತು ಕೊಕ್ಕೆಗೆ ತೂಗುಹಾಕಲು ಮಾಡಿದ್ದು. ಕಚ್ಚು ತೋಳನ್ನು ಭುಜಕ್ಕೆ ಕೂಡಿಸುವ ಗುರುತು. ಗೀಚು ಹದಿನಾಲ್ಕು ವರ್ಷಗಳ ತಿದ್ದುಪಡಿ.

“ಎಲ್ಲಾನೂ?” ಎಂದಳು ವೈಲಾಮ್.

“ಒಂದೂ ಬಿಟ್ಟಿಲ್ಲ ಕಣೇ. ಅವನು ತೂಕದಲ್ಲಿ ಮೋಸ ಮಾಡೋಕೆ ನೋಡಿದ. ನಾನು ಬಿಡ್ತೀನಾ? ಪಕ್ಕದ ಅಂಗಡಿ ತಕ್ಕಡಿ ತರಿಸಿ ಮತ್ತೆ ತೂಗಿಸಿದೆ. ಐದೂವರೆ ಕಿಲೋ ಬಂತು! ಈ ಕಿತ್ತಳೆ ಅದೇ ದುಡ್ಡಲ್ಲಿ ತಂದದ್ದು. ತಗೊಳ್ಳಿ ಮಾಸ್ಟರ್, ಸಿಹಿಯಾಗಿದೆ.”

ಹೊಸ ವರ್ಷದ ಹದಿನೈದು ದಿನ ಮುಗಿಯುವ ತನಕ ಅಲ್ಲಿ ಯಾರೂ ಕೆಟ್ಟ ಮಾತಾಡುವುದಿಲ್ಲ. ಬಟ್ಟಲು ಒಡೆದರೂ ಹೂವು ಅರಳಿತೆಂದೇ ಹೇಳಬೇಕು. ಆಡಿದ ಕಟುಮಾತು ವರ್ಷವಿಡೀ ಮನೆಯಲ್ಲಿ ಉಳಿಯುತ್ತದೆ ಎಂಬ ಭಯ ಕಾಲೇಜು ಓದಿದ ವೈಲಾಮಳಿಗೂ ಇತ್ತು.

“ಒಳ್ಳೇದಾಯ್ತು,” ಎಂದರು ಔ ಮಾಸ್ಟರ್, ಕಿತ್ತಳೆಯನ್ನು ಕೈಯಲ್ಲಿ ಹಿಸುಕುತ್ತ. “ಹಳೇದು ಹೋಯ್ತು, ಹೊಸದು ಬರುತ್ತೆ. ಶುಭ. ಬಹಳ ಶುಭ.”

“ಅಮ್ಮ, ನಿನಗೆ ನೂರು ವರ್ಷ ಆಯಸ್ಸಾಗಲಿ,” ಎಂದಳು ವೈಲಾಮ್. ಆ ಹಾರೈಕೆ ಹೊರಬಿದ್ದ ರೀತಿ ಕೇಳಿ ಹೊಲಿಗೆಯ ಹೆಂಗಸರಿಬ್ಬರು ಯಂತ್ರದ ಹಿಂದೆ ತಲೆ ತಗ್ಗಿಸಿದರು.

“ಯಾಕೆ, ದನಿ ಒಂಥರಾ ಇದೆ?”

“ಸಂತೋಷಕ್ಕಮ್ಮ.”

ಗುಜರಿಯವನು ಊರಿಗೆ ಹೋಗಿದ್ದ. ರಟ್ಟು ಕಾಗದದ ಕಾರ್ಖಾನೆಗೆ ಹೋಗಿ ವಾರವಾಗಿತ್ತು. ವೈಲಾಮ್ ತನ್ನ ಕೋಪವನ್ನು ಎಂಟು ದಿನ ಉಪ್ಪಿನಕಾಯಿಯಂತೆ ಜೋಪಾನ ಮಾಡಿ, ಹದಿನಾರನೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ತಾಯಿಯ ಮೇಲೆ ಸುರಿದಳು. ತಾಯಿ ಪೂರ್ತಿ ಕೇಳಿಸಿಕೊಂಡು, “ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ? ಅದಕ್ಕೇ ನಿನ್ನ ಮುಖ ಹಳದಿ ಆಗಿರೋದು,” ಎಂದರು.

ಚಳಿಗಾಲದ ಉಡುಪುಗಳ ಆರ್ಡರ್ ದಿನ ಮಾರ್ಚ್ ಇಪ್ಪತ್ತೊಂಬತ್ತೆಂದು ಎಂಟೂ ಅಂಗಡಿಗಳಿಗೆ ತಿಳಿಸಿಯಾಗಿತ್ತು. ಇಪ್ಪತ್ತೆರಡು ಸ್ಯಾಂಪಲ್ ಆಗಬೇಕಿತ್ತು. ಮೂರು ವರ್ಷಗಳಿಂದ ಕೋಟುಗಳ ಮಾರಾಟ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದಿದ್ದುದರಿಂದ, ಈ ಸಲದ ಆರ್ಡರ್ ತಪ್ಪಿದರೆ ಛತ್ರಿ ಕಾರ್ಖಾನೆಯ ಮಹಡಿಗೆ ಬೇರೆ ಯಾರಾದರೂ ಬರುತ್ತಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಮಾಸ್ಟರ್ ಹಳೆಯ ಅಂಗಿಗಳನ್ನು ಬಿಚ್ಚಿ ಅಳೆದರು. ಒಂದು ತೊಳೆದು ಕುಗ್ಗಿತ್ತು, ಒಂದು ತೂಗಿ ಜೋತಿತ್ತು, ಒಂದೊಂದೂ ಒಂದೊಂದು ಕತೆ ಹೇಳಿತು. ಕೊನೆಗೆ ವೈಲಾಮ್, “ಬಟ್ಟೆ ತೊಡಿಸೋ ಗೊಂಬೆ ಇದೆಯಲ್ಲ, ಮಾಸ್ಟರ್. ಮಧ್ಯಮ ಅಳತೆಯದು. ಅದರ ಮೇಲೇ ಹೊಸ ಪ್ಯಾಟರ್ನ್ ಮಾಡಿ,” ಎಂದಳು. ಗೊಂಬೆಗೆ ತಲೆಯಿರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಮಾಸ್ಟರ್ ಅದನ್ನು ನೋಡಿ ನಿಟ್ಟುಸಿರಿಟ್ಟು ಕೆಲಸ ಶುರುಮಾಡಿದರು.

ಮೊದಲ ಕೋಟು ಸಿದ್ಧವಾದದ್ದು ಮಾರ್ಚ್ ಎಂಟಕ್ಕೆ. ಅದೇ ದಿನ ಸೀಹಿಂಗ್ ಊರಿನ ಅಂಗಡಿಯ ಟೋಂಗ್ ಮೇಡಂ ಬಟ್ಟೆ ಕೊಳ್ಳಲು ಮಾರುಕಟ್ಟೆಗೆ ಬಂದವರು ಮೇಲೆ ಹತ್ತಿ ಬಂದರು. ಐವತ್ತಾರು ವರ್ಷ, ತೂಕದ ಆಳು, ತೂಕದ ಮಾತು. ಆರ್ಡರ್ ದಿನ ಉಳಿದ ಏಳು ಜನ ನೋಡುತ್ತಿದ್ದದ್ದು ಕೋಟುಗಳನ್ನಲ್ಲ, ಟೋಂಗ್ ಮೇಡಂ ಅವರ ಪೆನ್ನನ್ನು. ಅವರು ಕೋಟನ್ನು ಎತ್ತಿ ಬೆಳಕಿಗೆ ಹಿಡಿದು ಮೆಚ್ಚಿ, ಒಂದು ತೋಳು ತೂರಿಸಿದರು. ಎರಡನೆಯ ತೋಳು ಮೊಣಕೈವರೆಗೆ ಹೋಗಿ ನಿಂತಿತು. ಬಿಡಿಸಿಕೊಳ್ಳಲು ಇಬ್ಬರು ಬೇಕಾದರು.

“ತುಂಬ ಚೆನ್ನಾಗಿದೆ. ಯಾರಿಗೆ ಹೊಲಿದದ್ದು?”

“ನಿಮಗೇ, ಮೇಡಂ.”

“ನನಗಾ? ನನ್ನ ಯಾವ ವಯಸ್ಸಿಗೆ?”

ವೈಲಾಮ್ ಟೀ ಬಗ್ಗಿಸಿದಳು. ಟೋಂಗ್ ಮೇಡಂ ಮೇಜಿನ ಮೇಲೆ ಎರಡು ಬೆರಳು ತಟ್ಟಿ ಉಪಚಾರ ಸ್ವೀಕರಿಸಿ, ನಯವಾಗಿಯೇ ಹೇಳಿದರು: “ನೋಡು ವೈಲಾಮ್, ನನ್ನ ಅಂಗಡೀಲಿ ಹೆಂಗಸರು ಹೊಟ್ಟೆ ಒಳಗೆಳ್ಕೊಳ್ದೆ ಕನ್ನಡಿ ಮುಂದೆ ನಿಲ್ತಾರೆ. ಅದಕ್ಕೇ ನಿನ್ನ ಬಟ್ಟೆ ಇಡೋದು. ಇಪ್ಪತ್ತೊಂಬತ್ತಕ್ಕೆ ಬರ್ತೀನಿ. ಹೀಗೇ ಇದ್ರೆ ಟೀ ಕುಡ್ಕೊಂಡು ಹೋಗ್ತೀನಿ, ಅಷ್ಟೇ.”

ಅವರು ಇಳಿದು ಹೋದ ಮೇಲೆ ಔ ಮಾಸ್ಟರ್ ಗೊಂಬೆಯ ಮೇಲಿಂದ ಕೋಟು ತೆಗೆಯುತ್ತ, “ಡಿಸೈನರಮ್ಮ, ಒಂದು ಮಾತು ಹೇಳ್ಲಾ?” ಎಂದರು.

“ಹೇಳಿ.”

“ನೀನು ಚೆನ್ನಾಗಿ ಬಿಡಿಸ್ತೀಯ. ಆದ್ರೆ ನಿನ್ನ ಚಿತ್ರದ ಹೆಂಗಸು ಅವಳ ತಲೆಯ ಒಂಬತ್ತರಷ್ಟು ಎತ್ತರ. ಅಂಥವಳನ್ನ ಈ ಊರಲ್ಲಿ ನಾನು ನೋಡಿಲ್ಲ. ನೀನು ಅವಳಿಗೆ ಬಿಡಿಸ್ತಿದ್ದೆ, ನಾನು ಫುಂಗ್ ಅಕ್ಕಂಗೆ ಕತ್ತರಿಸ್ತಿದ್ದೆ.”

“ಹದಿನಾಲ್ಕು ವರ್ಷ?”

“ಚೂರು ಚೂರೇ. ನಿನಗೆ ಬೇಜಾರಾಗಬಾರದು ಅಂತ.”

ವೈಲಾಮ್ ಚೌಕಟ್ಟಿನಲ್ಲಿದ್ದ ತನ್ನ ಮಾತನ್ನು ಒಮ್ಮೆ ಓದಿಕೊಂಡಳು. ಆಮೇಲೆ ಫುಂಗ್ ಅಕ್ಕನಿಗೆ ಫೋನ್ ಮಾಡಿದಳು.

“ಈಗ ಬರಬೇಡ,” ಎಂದಳು ಫುಂಗ್ ಅಕ್ಕ. ಹಿಂದೆ ಮಗುವಿನ ಅಳು, ಪಾತ್ರೆ ಕುದಿಯುವ ಸದ್ದು. “ತಿಂಗಳು ತುಂಬೋವರೆಗೆ ಹೊರಗಿನವರು ಬಾಣಂತಿ ಮನೆಗೆ ಬರೋ ಹಾಗಿಲ್ಲ. ನಾನು ಹೊರಗೆ ಬಂದ್ರೆ ಈ ಪಾತ್ರೆ ನೋಡೋರಿಲ್ಲ. ಹದಿನಾಲ್ಕಕ್ಕೆ ತಿಂಗಳೂಟ ಇಟ್ಕೊಂಡಿದೀವಿ. ಬಾ, ಮಾಸ್ಟರನ್ನೂ ಕರ್ಕೊಂಡು ಬಾ. ಎಷ್ಟು ಬೇಕೋ ಅಷ್ಟು ಅಳ್ಕೊಳ್ಳಿ. ನಾನೇನು ಎಲ್ಲಾದ್ರೂ ಹೋಗ್ತೀನಾ?”

ಆರು ದಿನ ವೈಲಾಮ್ ಬಟನ್ ಆರಿಸಿದಳು, ಲೈನಿಂಗ್ ಬಟ್ಟೆ ತೊಳೆದು ಒಣಗಿಸಿದಳು, ಬಣ್ಣದ ತುಂಡುಗಳನ್ನು ಜೋಡಿಸಿ ಮತ್ತೆ ಜೋಡಿಸಿದಳು. ಹದಿನಾಲ್ಕರ ಬೆಳಿಗ್ಗೆ ಇಬ್ಬರೂ ಕೋರಾ ಬಟ್ಟೆ, ಟೇಪು, ಗುಂಡುಸೂಜಿಯ ಡಬ್ಬಿ ಮತ್ತು ಮಗುವಿಗೊಂದು ಬೆಳ್ಳಿ ಬಳೆ ಹಿಡಿದು ಶುಂದಾಕ್‌ನ ಬಸ್ಸು ಹತ್ತಿದರು.

ಬಾಗಿಲು ತೆರೆದವಳು ಫುಂಗ್ ಅಕ್ಕನೇ. ಔ ಮಾಸ್ಟರ್ ಹೊಸ್ತಿಲಲ್ಲೇ ನಿಂತುಬಿಟ್ಟರು. ಕಟ್ಟಿದ ಗೋಡೆಯಲ್ಲಿ ಬಿರುಕು ಕಂಡ ಮೇಸ್ತ್ರಿಯ ಮುಖ ಅವರದಾಗಿತ್ತು.

“ಏನ್ ಮಾಸ್ಟರ್, ಹಾಗೆ ನೋಡ್ತೀರಿ? ಮೊಮ್ಮಗ ಒಳಗಿದ್ದಾನೆ.”

“ಮೊಮ್ಮಗನ್ನ ಆಮೇಲೆ ನೋಡ್ತೀನಿ. ನೀನು ಸ್ವಲ್ಪ ತಿರುಗು.”

“ಮೊದಲು ಊಟ.”

“ಬೇಡ ಬೇಡ,” ಎಂದರು ಮಾಸ್ಟರ್ ಗಾಬರಿಯಿಂದ. “ಮೊದಲು ಅಳತೆ.”

ಹಿಂದಿನ ಕೋಣೆಯಲ್ಲಿ, ತಿಂಗಳೂಟಕ್ಕೆ ಹಂಚಲು ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳ ತಟ್ಟೆಗಳ ನಡುವೆ, ಅಳತೆ ಶುರುವಾಯಿತು. ಮಾಸ್ಟರ್ ಸೊಂಟ ಅಳೆದರು. ಟೇಪನ್ನು ತಿರುವಿ ನೋಡಿ ಮತ್ತೊಮ್ಮೆ ಅಳೆದರು. ಮೂರೂವರೆ ಇಂಚು ಹೆಚ್ಚು. ಎದೆ ಎರಡೂವರೆ. ತೋಳಿನ ಸುತ್ತು ಒಂದೂಕಾಲು.

“ಇದು ಫುಂಗ್ ಅಕ್ಕ ಒಬ್ಬಳೇ ಅಲ್ಲ,” ಎಂದರು ಅವರು ಟೇಪು ಸುತ್ತುತ್ತ. “ಜೊತೇಲಿ ಇನ್ಯಾರೋ ಇದ್ದಾರೆ.”

“ಹಂದಿಕಾಲು,” ಎಂದಳು ಫುಂಗ್ ಅಕ್ಕ, ಸ್ವಲ್ಪವೂ ಅಳುಕದೆ. “ಸಿಹಿ ವಿನಿಗರು, ಶುಂಠಿ ಹಾಕಿ ಬಾಣಂತಿಗೇಂತ ಎರಡು ದೊಡ್ಡ ಪಾತ್ರೆ ಬೇಯಿಸಿದ್ದೆ. ನಮ್ಮ ಸೊಸೆ ಎಂಟನೇ ದಿನಕ್ಕೇ ಬೇಡ ಅಂದ್ಲು. ಫೋನಲ್ಲಿ ನೋಡ್ಕೊಂಡು ಓಟ್ಸ್ ತಿಂತಾಳೆ. ಅಷ್ಟು ಕಾಲು, ಅಷ್ಟು ಮೊಟ್ಟೆ ಚೆಲ್ಲೋಕಾಗುತ್ತಾ? ಬಾಣಂತನ ಅಂದ್ಮೇಲೆ ಯಾರಾದ್ರೂ ಒಬ್ಬರು ತಿನ್ಲೇಬೇಕು.”

“ಹೆತ್ತದ್ದು ಅವಳು!” ಎಂದಳು ವೈಲಾಮ್.

“ತಿಂದದ್ದು ನಾನು. ಕೆಲಸ ಹಂಚ್ಕೊಂಡ್ವಿ.”

ಮಾಸ್ಟರ್ ಬೆರಳೆಣಿಸಿದರು. “ಇನ್ನೂ ಹದಿನೈದು ದಿನ ಇದೆ. ಬರೀ ಗಂಜಿ ಕುಡಿದ್ರೆ...”

“ನೀವು ಹದಿನೈದು ದಿನ ಬಾಯಿ ಮುಚ್ಕೊಂಡಿದ್ದು ತೋರಿಸಿ, ಮಾಸ್ಟರ್. ಆಮೇಲೆ ನಾನು ಮುಚ್ತೀನಿ.”

ವೈಲಾಮ್ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಳು. ಹದಿನಾಲ್ಕು ವರ್ಷ ತನ್ನದೆಂದುಕೊಂಡಿದ್ದ ಜಾಣ್ಮೆ ಇನ್ನೊಬ್ಬಳ ಮೈಯಲ್ಲಿತ್ತು. ಈಗ ಆ ಮೈಯೂ ಕೈಬಿಟ್ಟಿತ್ತು. ತೆರೆದ ಬಾಗಿಲಿನಾಚೆ ನಡುಮನೆಯಲ್ಲಿ ನೆಂಟರಿಷ್ಟರ ಹೆಂಗಸರು ತುಂಬಿದ್ದರು. ಅತ್ತೆಯರು, ಚಿಕ್ಕಮ್ಮಂದಿರು, ಅಕ್ಕಪಕ್ಕದವರು, ಎಲ್ಲರೂ ಹೆಚ್ಚುಕಡಿಮೆ ಅವಳ ಗಿರಾಕಿಗಳ ವಯಸ್ಸಿನವರೇ. ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಿತ್ತು. ಬೇರೆ ಕೆಲಸ ತೋಚದೆ ವೈಲಾಮ್ ಅದನ್ನೇ ನೋಡುತ್ತ ಕೂತಳು. ಕೈ ಚಾಚಿದ ಪ್ರತಿಯೊಬ್ಬಳ ಕೋಟೂ ಬೆನ್ನಿನಲ್ಲಿ ಬಿಗಿದು ನಿಲ್ಲುತ್ತಿತ್ತು. ಮಗುವನ್ನು ತೆಗೆದುಕೊಂಡ ಕೂಡಲೇ ಪ್ರತಿಯೊಬ್ಬಳೂ ಎಡಸೊಂಟವನ್ನು ಹೊರಕ್ಕೆ ತಳ್ಳಿ ಮಗುವಿನ ಭಾರವನ್ನು ಅದಕ್ಕೆ ಒರಗಿಸಿಕೊಳ್ಳುತ್ತಿದ್ದಳು, ಬಲಗೈಯಿಂದ ಕೋಟಿನ ಕೆಳಗಿನ ಗುಂಡಿಯನ್ನು ಸದ್ದಿಲ್ಲದೆ ಬಿಚ್ಚುತ್ತಿದ್ದಳು. ಒಬ್ಬಿಬ್ಬರಲ್ಲ. ಎಲ್ಲರೂ. ಅವರಲ್ಲೊಬ್ಬಳು ತೊಟ್ಟದ್ದು ‘ಸಾವಧಾನ’ದ್ದೇ ಕೋಟು, ಮೂರು ವರ್ಷದ ಹಿಂದಿನದು, ಅದರ ಗುಂಡಿಯೂ ಬಿಚ್ಚಿಕೊಂಡಿತು.

ಮೂರು ವರ್ಷ ಇಳಿದ ಮಾರಾಟಕ್ಕೆ ಅವಳು ಕಾಲವನ್ನು ದೂರಿದ್ದಳು.

“ಮಾಸ್ಟರ್,” ಎಂದು ಎದ್ದಳು, “ಟೇಪು ಮತ್ತೆ ತೆಗೀರಿ. ಫುಂಗ್ ಅಕ್ಕ, ಮಗು ಎತ್ಕೊಂಡು ಬಾ.”

“ಮಗೂನೂ ಅಳೀತೀಯಾ?”

“ಎತ್ಕೊಂಡು ನಿಂತ್ಕೋ. ಹಾಗೇ ಅಳೀಲಿ.”

ಔ ಮಾಸ್ಟರ್ ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಕೋರಾ ಬಟ್ಟೆ ಬಿಡಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಫುಂಗ್ ಅಕ್ಕನ ಬೆನ್ನಿಗೆ ಹೊದಿಸಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ವೈಲಾಮ್ ದೂರ ನಿಂತು ನೋಡದೆ, ಪಕ್ಕದಲ್ಲಿ ಕೂತು ಸೀಮೆಸುಣ್ಣ ಹಿಡಿದಳು. ಮಗು ನಡುವೆ ಎರಡು ಸಲ ಒದ್ದೆ ಮಾಡಿತು. ಎರಡು ಸಲ ಬಟ್ಟೆ ಬದಲಾಯಿತು, ಮಗುವಿನದೂ ಮಾಸ್ಟರರದೂ.

ಕೊನೆಯ ಸೂಜಿ ಚುಚ್ಚಿದ ಮೇಲೆ ಫುಂಗ್ ಅಕ್ಕ, “ಒಂದು ಷರತ್ತು,” ಎಂದಳು. “ಇದಕ್ಕೆ ‘ದೊಡ್ಡದು’ ಅಂತ ಚೀಟಿ ಹೊಲೀಬಾರದು. ಹದಿನಾಲ್ಕು ವರ್ಷದಿಂದ ನಾನು ಮಧ್ಯಮ. ಮಧ್ಯಮಾನೇ ಇರ್ತೀನಿ.”

“ಅದು ಸುಳ್ಳಾಗುತ್ತಲ್ಲ ಅಕ್ಕ. ನಾವು ಹಾಗೆ ಗಿರಾಕಿಗೆ ಮೋಸ ಮಾಡೋರಲ್ಲ.”

“ಯಾವ ಸುಳ್ಳು? ಆ ತಲೆ ಇಲ್ಲದ ಗೊಂಬೆ ಪಕ್ಕ ನಿಲ್ಲಿಸಿದ್ರೆ ನಾನು ದೊಡ್ಡವಳೇ. ನಡುಮನೇಲಿ ಕೂತಿರೋರ ಪಕ್ಕ ನಿಲ್ಲಿಸಿ ಹೇಳು, ನೋಡೋಣ.”

ಔ ಮಾಸ್ಟರ್ ಬಾಗಿಲಿಗೆ ಹೋಗಿ ಇಣುಕಿದರು. ಅಳತೆಯ ವಿಷಯದಲ್ಲಿ ಅವರು ಯಾರ ಪಕ್ಷವನ್ನೂ ವಹಿಸುವವರಲ್ಲ. ಸ್ವಲ್ಪ ಹೊತ್ತಿನ ನಂತರ ಹಿಂದಿರುಗಿ, “ಹತ್ತು ಜನ ಇದ್ದಾರೆ,” ಎಂದರು. “ಐದು ಜನ ಇವಳಿಗಿಂತ ದಪ್ಪ, ಐದು ಜನ ಸಣ್ಣ. ಇವಳು ಹೇಳೋದು ಸರಿ.”

ಊಟಕ್ಕೆ ಕೂತಾಗ ವೈಲಾಮ್ ಎರಡು ಸಲ ಹಂದಿಕಾಲು ಹಾಕಿಸಿಕೊಂಡಳು.

ಆ ಹದಿನೈದು ದಿನ ಆರೂ ಯಂತ್ರಗಳು ಬಿಸಿ ಆರಲಿಲ್ಲ. ಮಾಸ್ಟರ್ ಹೊಸ ರಟ್ಟುಗಳನ್ನು ಕತ್ತರಿಸಿ, ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ ‘ಇದು ರಟ್ಟಲ್ಲ’ ಎಂದು ಬರೆದರು. ವೈಲಾಮ್ ಇಪ್ಪತ್ತೆರಡು ವಿನ್ಯಾಸಗಳಲ್ಲಿ ಒಂಬತ್ತನ್ನು ಹರಿದು ಮತ್ತೆ ಬಿಡಿಸಿದಳು. ಈ ಸಲ ಅವಳ ಚಿತ್ರದ ಹೆಂಗಸಿಗೆ ಏಳು ತಲೆಯೆತ್ತರವೂ, ಬಾಗಿದ ಎಡಸೊಂಟವೂ ಇತ್ತು. ಅದನ್ನು ನೋಡಿ ಮಾಸ್ಟರ್, “ಇವಳನ್ನ ಎಲ್ಲೋ ನೋಡಿದೀನಿ,” ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದು ಯಾರಿಗೂ ನೆನಪಿಲ್ಲ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಎಂಟೂ ಒಡತಿಯರು ಬಂದರು. ಕೋಟು ತೊಟ್ಟು ನಿಲ್ಲಲು ಫುಂಗ್ ಅಕ್ಕ ಮಗುವಿನ ಸಮೇತ ಮೊದಲ ಬಸ್ಸಿಗೇ ಬಂದಿದ್ದಳು. ಟೋಂಗ್ ಮೇಡಂ ಬೂದುಬಣ್ಣದ ಉಣ್ಣೆಯ ಕೋಟೊಂದನ್ನು ಕೈಗೆತ್ತಿಕೊಂಡು ಕಾಲರಿನ ಒಳಗಿನ ಚೀಟಿ ಓದಿದರು.

“ಮಧ್ಯಮ. ನಾನು ಮಧ್ಯಮ ಬಿಟ್ಟು ಆರು ವರ್ಷ ಆಯ್ತು. ಇದನ್ನ ಹಾಕ್ಕೊಂಡು ಬಿಚ್ಚೋಕೆ ಇವತ್ತು ಎಷ್ಟು ಜನ ಇಟ್ಟಿದೀಯ?”

“ಒಂದ್ಸಲ ಹಾಕಿ ನೋಡಿ ಮೇಡಂ,” ಎಂದಳು ವೈಲಾಮ್.

ಒಂದು ತೋಳು ಹೋಯಿತು. ಎರಡನೆಯದೂ ಹೋಯಿತು. ಟೋಂಗ್ ಮೇಡಂ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕಿದರು. ಕೊನೆಯದನ್ನು ಹಾಕುವಾಗ ಅಭ್ಯಾಸಬಲದಿಂದ ಉಸಿರು ಎಳೆದುಕೊಂಡರು, ಆಮೇಲೆ ಮೆಲ್ಲಗೆ ಬಿಟ್ಟರು. ಗುಂಡಿ ಇದ್ದಲ್ಲಿಯೇ ಇತ್ತು. ಕನ್ನಡಿಯ ಮುಂದೆ ನಿಂತು ಎರಡೂ ಕೈ ಮೇಲೆತ್ತಿ ಕೂದಲು ಸರಿಮಾಡಿಕೊಂಡರು. ಸರಿಮಾಡಲು ಅಲ್ಲಿ ಏನೂ ಇರಲಿಲ್ಲ. ಥಟ್ಟನೆ ತಿರುಗಿ ಫುಂಗ್ ಅಕ್ಕನ ಕೈಯಿಂದ ಮಗುವನ್ನು ತೆಗೆದುಕೊಂಡು, ಸೊಂಟಕ್ಕೆ ಒರಗಿಸಿಕೊಂಡು, ಕನ್ನಡಿಯಲ್ಲಿ ತಮ್ಮ ಬೆನ್ನನ್ನು ನೋಡಿದರು. ಉಳಿದ ಏಳು ಜನ ಟೀ ಬಟ್ಟಲುಗಳನ್ನು ಅರ್ಧದಲ್ಲೇ ಹಿಡಿದಿದ್ದರು.

ಟೋಂಗ್ ಮೇಡಂ ಕೋಟು ಬಿಚ್ಚಲಿಲ್ಲ. ಹಾಗೆಯೇ ಕುರ್ಚಿಯಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೈಚೀಲದಿಂದ ಪೆನ್ನು ತೆಗೆದರು.

“ಬೂದು, ಮಧ್ಯಮ, ನಲವತ್ತು,” ಎಂದರು. “ಕಂದು ಬಣ್ಣದ್ದು ಇದ್ರೆ ಅದೂ ಮಧ್ಯಮ, ಮೂವತ್ತು. ಇದು ನನ್ನ ಮೈಮೇಲೇ ಇರಲಿ, ಪೊಟ್ಟಣ ಕಟ್ಟಬೇಡ.”

ಆಮೇಲೆ ಏಳು ಪೆನ್ನುಗಳು ಹೊರಬರಲು ಹೆಚ್ಚು ಹೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆರ್ಡರ್ ಪುಸ್ತಕದ ಹಾಳೆಗಳು ಮುಗಿದು, ವೈಲಾಮ್ ಚಿತ್ರ ಬಿಡಿಸುವ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ್ದಳು.

ಔ ಮಾಸ್ಟರ್ ಮಾತ್ರ ನಿಶ್ಚಿಂತರಾಗಿರಲಿಲ್ಲ. ಫುಂಗ್ ಅಕ್ಕನನ್ನು ಕಿಟಕಿಯ ಬಳಿ ಕರೆದು, ಟೇಪನ್ನು ಕೊರಳಿನಿಂದ ತೆಗೆದು, ಗಂಭೀರವಾಗಿ ಹೇಳಿದರು: “ನೋಡಕ್ಕ, ಬೇಸಿಗೆ ಸ್ಯಾಂಪಲ್ಲಿಗೂ ಇದೇ ಅಳತೆ. ಇನ್ಮೇಲೆ ಒಂದಿಂಚೂ ಆಚೆ ಈಚೆ ಆಗೋ ಹಾಗಿಲ್ಲ. ಹೆಚ್ಚೂ ಬೇಡ, ಕಮ್ಮೀನೂ ಬೇಡ.”

“ಅದನ್ನ ನನಗೆ ಯಾಕೆ ಹೇಳ್ತೀರಿ?” ಎಂದಳು ಫುಂಗ್ ಅಕ್ಕ, ಮಗುವಿನ ಬಾಯಿ ಒರೆಸುತ್ತ. “ನಮ್ಮ ಸೊಸೆಗೆ ಹೇಳಿ, ಎರಡನೇದು ಬೇಡ ಅಂತ.”